ಪರಾತದಾಗಿನ ಫೋನು

ಮೌಸಿನ ಮೇಲೆ ಯಾರ ಕೈಯೂ ಇರಲಿಲ್ಲ. ಆದರೂ ಪರದೆಯ ಮೇಲಿನ ಬಾಣ ಸರಿಯಿತು.

ಸರಿದದ್ದು ಸ್ವಲ್ಪವೇ. ಮೂಲೆಯಿಂದ ಹೊರಟು, ಸ್ನೇಹಲಳ ವಾಟ್ಸಾಪಿನ ಹತ್ತಿರ ಬಂದು, ಯಾರೋ ನೋಡಿಬಿಟ್ಟರು ಅನ್ನುವ ಹಾಗೆ ನಿಂತಿತು.

ಪ್ರಣಿತಾ ಕೈಯಲ್ಲಿದ್ದ ಚಹಾದ ಕಪ್ಪು ಕೆಳಗಿಟ್ಟಳು. "ಸೋಮುದಾದಾ, ಮೌಸ್ ಮುಟ್ಟಿದ್ಯೇನು?"

"ನಾ ಬಾಗಲದಾಗ ನಿಂತೀನಲ್ಲವಾ! ಇಲ್ಲಿಂದ ಅಲ್ಲಿಗಿ ನನ್ನ ಕೈ ಮುಟ್ಟತಾವೇನು?" ಅಂದ ಸೋಮೇಶ.

ಅವನ ಮಾತು ಮುಗಿಯುವುದರೊಳಗೆ ಪ್ರಣಿತಾ ಟೇಬಲ್ಲಿನ ಕೆಳಗೆ ನುಸುಳಿದ್ದಳು. ನೆಟ್ಟಿನ ವೈರು ಹಿಡಿದು ಜಗ್ಗಿ ಕಿತ್ತಳು. ಎದ್ದು ಬಂದಾಗ ತಲೆ ತುಂಬ ಹತ್ತಿಯ ನವಿರು. ಟಾವೆಲ್ ಕಾರ್ಖಾನೆಯಲ್ಲಿ ಮೂಲೆ ಹೊಕ್ಕು ಬಂದವರ ಗತಿಯೇ ಅದು.

ಭಾನುವಾರವಾದ್ದರಿಂದ ಸೊಲ್ಲಾಪುರದ ಹತ್ತಿರದ ಚಿಂಚೋಳಿ ಎಂಐಡಿಸಿಯ ಕಾರ್ಖಾನೆಗಳಲ್ಲಿ ಮಗ್ಗಗಳು ಸುಮ್ಮನಿದ್ದವು. ಆದರೆ ಈ ಮನೆತನದ ಗದ್ದಲ ಶುಕ್ರವಾರದಿಂದ ನಿಂತಿರಲಿಲ್ಲ. ಸೋಮೇಶನ ತಂಗಿ ಸ್ನೇಹಲಳ ನಂಬರಿನಿಂದ ಅವಳಿಗೆ ಗೊತ್ತುಮಾಡಿದ ಅಕ್ಕಲಕೋಟದ ಹುಡುಗ ಕೈಲಾಸನಿಗೆ "ಈ ಲಗ್ನ ನನಗ ಬ್ಯಾಡ" ಅಂತ ಮೆಸೇಜು ಹೋಗಿದೆಯಂತೆ. ತಾನು ಕಳಿಸಿಯೇ ಇಲ್ಲವೆಂದು ಹುಡುಗಿ ಅತ್ತು ಅತ್ತು ಕಣ್ಣು ಬಾತುಕೊಂಡಿದ್ದಾಳೆ. ಇವತ್ತು ಮಧ್ಯಾಹ್ನ ಗಂಡಿನ ಕಡೆಯವರು ಸಾಖರಪುಡೆಯ, ಅಂದರೆ ನಿಶ್ಚಯ ಕಾರ್ಯದ, ಉಂಗುರ ತಿರುಗಿ ಕೊಡಲಿಕ್ಕೆ ಬರುತ್ತಿದ್ದಾರೆ. ಅವರು ಬರುವುದರೊಳಗೆ ಕಳಿಸಿದವರು ಯಾರೆಂದು ಪ್ರಣಿತಾ ಹೇಳಬೇಕು. ಇಲ್ಲದಿದ್ದರೆ ಲಗ್ನ ಮುರಿದಂತೆಯೇ.

ಪ್ರಣಿತಾ ಈ ಮನೆಯ ಅಣ್ಣತಮ್ಮಂದಿರ ಪೈಕಿ ಹುಡುಗಿ, ದಾಯಾದಿ ಸಂಬಂಧದಲ್ಲಿ ಸೋಮೇಶನಿಗೆ ತಂಗಿ. ಪುಣೆಯ ಕಂಪನಿಯೊಂದರಲ್ಲಿ ಸೈಬರ್ ಸುರಕ್ಷತೆಯ ಕೆಲಸ. ಬ್ಯಾಂಕುಗಳ ಕಂಪ್ಯೂಟರಿನೊಳಗೆ ಕಳ್ಳರು ಹೊಗದ ಹಾಗೆ ಕಾಯುವವಳು. ಆದರೆ ಸೊಲ್ಲಾಪುರದ ಬಳಗಕ್ಕೆ ಆಕೆ ಮೊಬೈಲ್ ರಿಪೇರಿ ಹುಡುಗಿ. ಲಗ್ನದ ಸೀರೆ ಆರಿಸಲು ಬಂದವಳಿಗೆ ಬಂದ ದಿನದಿಂದ "ನಂದು ಹ್ಯಾಂಗ್ ಆಗಾಕತ್ತದ ನೋಡವಾ, ನಂದು ಚಾರ್ಜ್ ನಿಲ್ಲವಲ್ದು ನೋಡವಾ" ಅಂತ ಒಬ್ಬೊಬ್ಬರೂ ಫೋನು ಹಿಡಿದು ಬೆನ್ನು ಹತ್ತಿದ್ದರು. ಆಕೆಯೂ ಬೇಸರಿಸದೆ ನೋಡಿದ್ದಳು.

"ಈ ಕಂಪ್ಯೂಟರಿನ್ಯಾಗ ಯಾರೋ ಕೂತಾರ, ದಾದಾ."

"ಅದರಾಗ ಯಾರು ಕೂಡತಾರವಾ?"

"ದೂರದಾಗ ಕೂತು ಇದನ್ನ ನೋಡಾಕತ್ತಾರ. ಮನಿ ಕಿಡಕಿ ತಗದು ಇಟ್ಟು, ಹೊರಗಿನವಗ ಖುರ್ಚಿನೂ ಹಾಕಿ ಕೊಟ್ಟೀರಿ ನೀವು. ಇದರಾಗ ಹೊರಗಿನವರು ಹೊಕ್ಕು ನೋಡೂ ಪ್ರೋಗ್ರಾಮು ಯಾರು ಹಾಕ್ಯಾರ?"

ಸೋಮೇಶ ತಲೆ ಕೆರೆದುಕೊಂಡ. ಉತ್ತರ ಬಂದದ್ದು ಒಳಗಿನ ಕೋಣೆಯಿಂದ. "ನಾನಽ ಹಾಕೀನವಾ," ಅನ್ನುತ್ತ ಲಕ್ಷ್ಮೀಕಾಂತ ಹೊರಗೆ ಬಂದ. ಕಾರ್ಖಾನೆಯ ಮ್ಯಾನೇಜರು; ಸೋಮೇಶನ ತಂದೆ, ಈಗ ತೀರಿಕೊಂಡಿರುವ ಸಾತಲಿಂಗಪ್ಪನವರ ಕಾಲದಿಂದ ಈ ಮನೆಯ ಅನ್ನ ಉಂಡವನು. ಸ್ನೇಹಲಳಿಗೆ ಕೈಲಾಸನ ಸಂಬಂಧ ತಂದವನೂ ಅವನೇ. "ಪ್ರಿಂಟರ್ ಕೆಟ್ಟಿತ್ತು. ನೆಟ್ಟಿನ್ಯಾಗ ಕಂಪನಿ ನಂಬರು ಹುಡಕಿ ಫೋನ್ ಮಾಡಿದೆ. ಭಾಳ ಸಭ್ಯ ಮನಷ್ಯಾ. 'ಕಾಕಾ, ಇದೊಂದು ಹಾಕ್ರಿ, ನಾ ಇಲ್ಲಿಂದಽ ಸುಧಾರಸ್ತೀನಿ' ಅಂದ. ಸುಧಾರಸಿದ ಸುದ್ದಾ."

"ಸುಧಾರಸಿದವ ಹೋಗಲಿಲ್ಲ, ಮಾಮಾ. ಇಲ್ಲೇ ಉಳದಾನ."

ಲಕ್ಷ್ಮೀಕಾಂತನ ಮುಖ ಬಾಡಿತು. ಪ್ರಣಿತಾಳಿಗೆ ಅವನ ಮೇಲೆ ಕನಿಕರ ಬಂತು. ಸಭ್ಯವಾಗಿ ಮಾತಾಡಿದವನನ್ನು ನಂಬಬಾರದೆಂದು ಇವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಅದಕ್ಕಿಂತ ಹೆಚ್ಚಾಗಿ ಅವಳು ನಿಟ್ಟುಸಿರು ಬಿಟ್ಟದ್ದು ಇನ್ನೊಂದು ವಿಷಯಕ್ಕೆ. ಟಾವೆಲ್ಲಿನ ಡಿಸೈನುಗಳೆಲ್ಲ ಸ್ನೇಹಲಳ ಕೈಯವು. ಗಿರಾಕಿಗಳು ಫೋಟೋ ಕಳಿಸುವುದು ಅವಳ ನಂಬರಿಗೆ. ಹಾಗಾಗಿ ಅವಳ ವಾಟ್ಸಾಪನ್ನೇ ಈ ಆಫೀಸಿನ ಕಂಪ್ಯೂಟರಿಗೆ ಜೋಡಿಸಿ, ಸಂತೆಯ ಅಂಗಡಿಯ ಹಾಗೆ ಬೆಳಗಿನಿಂದ ಸಂಜೆಯ ತನಕ ತೆರೆದಿಟ್ಟಿದ್ದರು. ಕೈಲಾಸ ಬರೆದ ಮುದ್ದಿನ ಮಾತೂ ಅಲ್ಲೇ, ಟಾವೆಲ್ಲಿನ ಬಣ್ಣದ ಮಾತೂ ಅಲ್ಲೇ.

"ದಾದಾ, ಒಂದು ಮಾತ ಕೇಳ್ತೀನಿ, ಸಿಟ್ಟಿಗಿ ಬರಬ್ಯಾಡ. ಇಲ್ಲಿ ಕೂತು ನೀ ಏನರ ಕಳಿಸಿದ್ಯಾ?"

ಸೋಮೇಶ ಸಿಟ್ಟಿಗೆ ಬರಲಿಲ್ಲ. ಖುರ್ಚಿ ಎಳೆದು ಕೂತ. "ಆಕಿ ಹ್ವಾದರ ಇಲ್ಲಿ ಡಿಸೈನ್ ಮಾಡವರು ಯಾರೂ ಇಲ್ಲ, ಪ್ರಣೀ. ಲಗ್ನದ ದಿನ ಹತ್ರ ಬಂದಂಗ ರಾತ್ರಿ ಎದ್ದು ಆರ್ಡರ್ ವಹಿ ತಿರುವಿ ನೋಡ್ತೀನಿ, ಖರೇ. ಆದರ ತಂಗಿ ಕಣ್ಣಾಗ ನೀರ ತರಸಿ ನಾ ಟಾವೆಲ್ ನೇಯಲೇನು?"

ಅಷ್ಟರಲ್ಲಿ ಅವನ ಫೋನು ಕುಂಯ್ ಅಂದಿತು. ಸೋಮೇಶ ಬೆರಳಿನಿಂದ ಬರೆಯುವ ಜಾತಿಯವನಲ್ಲ. ಫೋನನ್ನು ಬಾಯಿಯ ಹತ್ತಿರ ಹಿಡಿದು, ಗಂಟಲು ಸರಿಮಾಡಿಕೊಂಡು, "ಹಾಂ ಶೇಠ, ಮಾಲು ಮಂಗಳವಾರ ಬಿಡ್ತೀನಿ ನೋಡ್ರಿ," ಅಂತ ಹೇಳಿ ಕಳಿಸಿದ. ದಿನಕ್ಕೆ ಇಂಥವು ಎಷ್ಟೋ. ಊರಿನ ಟಾವೆಲ್ ಪೇಟೆಯ ಎಲ್ಲ ಗ್ರೂಪುಗಳಲ್ಲೂ ಸೋಮೇಶನ ಗಂಟಲು ಇದ್ದೇ ಇರುತ್ತದೆ.

"ಪಾಪ, ಹುಡುಗನ ಮನಸ್ಸು ಎಷ್ಟು ನೊಂದಿರಬೇಕು," ಅಂದ ಲಕ್ಷ್ಮೀಕಾಂತ ಬಾಗಿಲಿಗೆ ಕೀಲಿ ಹಾಕುತ್ತ. "ಬ್ಯಾಡ ಅನ್ನಾಕ ಅಷ್ಟು ಉದ್ದ ಬರಿಬೇಕಾಗಿತ್ತೇನು?"

ಪ್ರಣಿತಾ ಹೂಂಗುಟ್ಟಿ ಕಾರು ಹತ್ತಿದಳು. ಆಕೆಯ ತಲೆಯಲ್ಲಿ ಆ ಸರಿದ ಬಾಣವೇ ತುಂಬಿತ್ತು.

* * *

ವಿಜಾಪುರ ರಸ್ತೆಯ ಮನೆಯಲ್ಲಿ ಸೋಮೇಶನ ತಾಯಿ ಸುಮಿತ್ರಾಬಾಯಿ ಹಿಟ್ಟು ನಾದುವ ಅಗಲದ ಹಿತ್ತಾಳೆಯ ಪರಾತ ಹಿಡಿದು ಬಾಗಿಲಲ್ಲೇ ನಿಂತಿದ್ದರು.

"ಹಾಕ್ರಿ," ಅಂದರು.

ಸೋಮೇಶ ಹಾಕಿದ. ಲಕ್ಷ್ಮೀಕಾಂತ ಹಾಕಿದ. ಪ್ರಣಿತಾ ಮಾತ್ರ ಫೋನು ಎದೆಗೆ ಅವಚಿಕೊಂಡಳು. "ಕಾಕು, ಇದು ಆಫೀಸಿಂದು. ಬ್ಯಾಂಕಿನವರು ಯಾವಾಗ ಬೇಕಾದಾಗ..."

"ಬ್ಯಾಂಕಿನವರು ಒಂದು ತಾಸು ತಮ್ಮ ಕಾಳಜಿ ತಾವು ತಗೋತಾರ. ಹಾಕವಾ ಬಾಳಾ, ರೊಟ್ಟಿ ಆರತಾವ."

ಹಾಕಿದಳು. ಹಾಕದೆ ಗತಿಯಿಲ್ಲ. ಸಾತಲಿಂಗಪ್ಪನವರು ಒಮ್ಮೆ ಮಾತಿನ ಭರದಲ್ಲಿ ಫೋನನ್ನು ಬಿಸಿ ಪುಂಡಿಪಲ್ಯದ ಪಾತೇಲಿಯಲ್ಲಿ ಬೀಳಿಸಿದ ದಿನದಿಂದ ಈ ಮನೆಯ ಕಾನೂನು ಇದು: ಊಟಕ್ಕೆ ಕೂತವರ ಫೋನು ಪರಾತದಲ್ಲಿ, ಪರಾತ ದೇವರ ಮನೆಯ ಕಟ್ಟೆಯ ಮೇಲೆ. ಕೈ ತೊಳೆದ ಮೇಲೆಯೇ ತಿರುಗಿ ಸಿಗುವುದು.

ಇನ್ನೊಂದು ಕಾನೂನು ಪ್ರಣಿತಾಳ ನಿದ್ದೆ ಕೆಡಿಸುವಂಥದು. ಮನೆಯ ಎಲ್ಲ ಫೋನಿಗೂ ಬೀಗ ಒಂದೇ. ಪರದೆಯ ಒಂಬತ್ತು ಚುಕ್ಕಿಗಳ ಮೇಲೆ ಬೆರಳಿನಿಂದ ಸಾಲಿಗೊಂದರಂತೆ ಮೂರು ಗೆರೆ ಅಡ್ಡ ಎಳೆಯುವುದು, ಹಣೆಗೆ ವಿಭೂತಿ ಎಳೆದ ಹಾಗೆ.

"ಕಾಕು, ಈ ಊರಾಗ ಅರ್ಧಾ ಮಂದಿ ಹಣಿ ಮ್ಯಾಲೆ ನಿಮ್ಮ ಮನಿ ಕೀಲಿ ಬರದದ," ಅಂತ ಬಂದ ದಿನವೇ ಆಕೆ ಗೋಗರೆದಿದ್ದಳು.

"ಮತ್ತ ಯಾರಿಗರ ಏನರ ಆದರ ಫೋನು ಯಾರು ತಗೀಬೇಕು? ನನಗ ಅದೊಂದಽ ನೆನಪ ಇರತದ," ಅಂದಿದ್ದರು ಸುಮಿತ್ರಾಬಾಯಿ. ಅವರ ಸ್ವಂತದ್ದು ಗುಂಡಿಯ ಡಬ್ಬಾ ಫೋನು. ಕರ್ನಾಟಕದ ಇಂಡಿ ಊರಿನಲ್ಲಿರುವ ತಂಗಿಗೆ ದಿನಾ ನಾಲ್ಕು ಸಾಲು ಬರೆಯಲಿಕ್ಕೆ ಸ್ನೇಹಲಳ ಫೋನೇ ಬೇಕು.

ಆ ಮುಗ್ಧತನಕ್ಕೆ ಸಿಟ್ಟು ಬರಬೇಕೋ ಮುದ್ದು ಬರಬೇಕೋ ಪ್ರಣಿತಾಳಿಗೆ ಇವತ್ತಿಗೂ ತಿಳಿದಿರಲಿಲ್ಲ.

ಗೇಟಿನ ಹತ್ತಿರ ಜೀಪು ನಿಂತಿತು.

ಕೈಲಾಸನ ತಂದೆ ಭೀಮಣ್ಣ ಮೊದಲು ಇಳಿದರು. ಎತ್ತರದ ಆಳು, ಬಿಳಿ ಧೋತರ, ಕೈಯಲ್ಲಿ ಉಂಗುರದ ಸಣ್ಣ ಡಬ್ಬಿ. ಹಿಂದೆ ಕೈಲಾಸ. ಶುಕ್ರವಾರದಿಂದ ಫೋನು ಬಂದ್ ಮಾಡಿ ಕೂತಿದ್ದ ಹುಡುಗ ಗಡ್ಡವನ್ನೂ ಬೋಳಿಸಿಕೊಂಡಿರಲಿಲ್ಲ.

"ನಾವು ಕುಂದ್ರಾಕ ಬಂದಿಲ್ಲರಿ, ಬೀಗತ್ಯಾರ," ಅಂದರು ಭೀಮಣ್ಣ ಅಂಗಳದಲ್ಲೇ ನಿಂತು. "ಇದನ್ನ ತಗೋರಿ. ನಿಮ್ಮ ಹುಡುಗಿ ಮನಸಿಲ್ಲ ಅಂದ ಮ್ಯಾಲೆ ನಾವು ಜುಲ್ಮಿ ಮಾಡೂದಿಲ್ಲ."

ಸುಮಿತ್ರಾಬಾಯಿ ಡಬ್ಬಿಯ ಕಡೆ ನೋಡಲೇ ಇಲ್ಲ. ಪರಾತ ಮುಂದೆ ಹಿಡಿದರು. "ಲಗ್ನ ಆಮ್ಯಾಲೆ ಮುರೀರಿ. ಊಟದ ಹೊತ್ತಿನ್ಯಾಗ ನನ್ನ ಹೊಸ್ತಿಲಕ ಬಂದು ಉಪಾಸ ಹ್ವಾದರ ನಾ ಯಾರಿಗಿ ಮುಖ ತೋರಸಲಿ? ಫೋನು ಹಾಕ್ರಿ. ಕೈಲಾಸಪ್ಪಾ, ನೀನೂ ಹಾಕಪಾ."

ಭೀಮಣ್ಣ ಒಂದು ಗಳಿಗೆ ಪರಾತ ನೋಡಿದರು, ಒಂದು ಗಳಿಗೆ ಆ ಹೆಣ್ಣುಮಗಳನ್ನು ನೋಡಿದರು. ಆಮೇಲೆ ಜೇಬಿಗೆ ಕೈ ಹಾಕಿದರು. ಅಕ್ಕಲಕೋಟದ ಒಕ್ಕಲುತನದವರಾದರೂ ಆಗಲಿ, ಸೊಲ್ಲಾಪುರದ ಶೇಠರಾದರೂ ಆಗಲಿ, ಊಟಕ್ಕೆ ಕರೆದ ಮಾತನ್ನು ತಳ್ಳಿ ಹೋಗುವ ಎದೆ ಇಲ್ಲಿ ಯಾರಿಗೂ ಇಲ್ಲ.

ಅದೊಂದು ಊಟವೋ, ಅದೊಂದು ಶಿಕ್ಷೆಯೋ! ಎಣ್ಣೆಗಾಯಿ ಬದನೆಕಾಯಿ ಇದೆ, ಶೇಂಗಾ ಚಟ್ನಿ ಇದೆ, ಯಾರೂ ಎರಡನೆಯ ರೊಟ್ಟಿ ಕೇಳುತ್ತಿಲ್ಲ. ಸ್ನೇಹಲ ಅಡುಗೆಮನೆಯ ಬಾಗಿಲ ಮರೆಯಲ್ಲಿ ನಿಂತು ಕೈಲಾಸನ ತಾಟಿನ ಕಡೆಗೇ ನೋಡುತ್ತಿದ್ದಳು. ಹುಡುಗ ರೊಟ್ಟಿ ಮುರಿದಿದ್ದ, ಬಾಯಿಗೆ ಇಟ್ಟಿರಲಿಲ್ಲ. ಅವನಿಗೂ ಲಗ್ನ ಬೇಕಾಗಿದೆಯೆಂದು ತಿಳಿಯಲಿಕ್ಕೆ ಪ್ರಣಿತಾಳಿಗೆ ಯಾವ ಕಂಪ್ಯೂಟರೂ ಬೇಕಾಗಲಿಲ್ಲ.

"ಕೈಲಾಸ," ಅಂದಳು ಪ್ರಣಿತಾ, "ಆ ಮೆಸೇಜು ನಿನ್ನ ಫೋನಿನ್ಯಾಗ ಇನ್ನೂ ಅದ ಏನು?"

"ಅದ."

"ನಾ ನೋಡಲೇನು? ನಮ್ಮ ಕಡಿ ಯಾರೂ ಅದನ್ನ ಕಣ್ಣಿಲೆ ನೋಡಿಲ್ಲ. ಸ್ನೇಹಲನ ಫೋನಿನ್ಯಾಗ ಅದರ ಗುರುತಽ ಇಲ್ಲ."

ಕೈಲಾಸ ತಲೆಯಾಡಿಸಿದ. ಊಟದ ನಡುವೆ ಪರಾತಕ್ಕೆ ಕೈ ಹಾಕಿದರೆ ಕಾಕು ಏನಂತಾರೋ ಎಂದು ಪ್ರಣಿತಾ ತಿರುಗಿ ನೋಡಿದಳು. ಸುಮಿತ್ರಾಬಾಯಿ ತಡೆಯಲಿಲ್ಲ. ಗೋಡೆಗೆ ಒರಗಿ ನಿಂತಿದ್ದರು. ಮುಖ ಬೆಳ್ಳಗಾಗಿತ್ತು.

ಕೈಲಾಸ ಫೋನು ಹಚ್ಚಿ, ಮೆಸೇಜು ತೆರೆದು ಕೊಟ್ಟ. ಪ್ರಣಿತಾ ನೋಡಿದಳು. ಮತ್ತೊಮ್ಮೆ ನೋಡಿದಳು.

ಮೆಸೇಜು ಉದ್ದವಾಗಿತ್ತು. ಮೇಲಾಗಿ ಕನ್ನಡದಲ್ಲಿತ್ತು.

ಇದನ್ನು ಓದಲಿಕ್ಕೆ ಅವಳಿಗೆ ಬರುವುದಿಲ್ಲ. ಹುಟ್ಟಿದಾಗಿನಿಂದ ಮಾತಾಡಿದ್ದು ಕನ್ನಡ, ಕಲಿತದ್ದು ಮರಾಠಿ ಶಾಲೆಯಲ್ಲಿ. ಸ್ನೇಹಲಳದೂ ಅದೇ ಕಥೆ, ಸೋಮೇಶನದೂ ಅದೇ. "ನಿನಗ ಓದಾಕ ಬರತದ?" ಅಂತ ಕೈಲಾಸನನ್ನು ಕೇಳಿದಳು.

"ಇಲ್ಲ," ಅಂದ ಅವನು. "ನಾವಿಬ್ಬರೂ ಬರಿಯೂದು ಮರಾಠಿ. ಕನ್ನಡದಾಗ ಬಂದದ್ದು ನೋಡಿ, ಇದು ಹಿರ್ಯಾರು ಕೂಡಿ ಬರಸಿದ್ದು ಅಂತ ಹೆದರಿದೆ. ಅಪ್ಪಗ ತೋರಸಾಕ ಧೈರ್ಯ ಆಗಲಿಲ್ಲ. ಬ್ಯಾರೆಯವರ ಕಡಿ ಓದಸಿದೆ. ಮನಿಯಾಗ ಬರೇ ಬಾಯಿಲೆ ಹೇಳಿದೆ."

"ತಾ ಇಲ್ಲಿ," ಅಂದರು ಭೀಮಣ್ಣ. ಎಡಗೈಯಿಂದ ಕನ್ನಡಕ ಏರಿಸಿ, ಫೋನು ದೂರ ಹಿಡಿದು, ಶಾಲೆಯ ಹುಡುಗನ ಹಾಗೆ ಬಿಡಿಸಿ ಬಿಡಿಸಿ ಓದಿದರು.

"ಕೈಲಾಸಪ್ಪಾ, ನಾ ಸ್ನೇಹಲನ ಅವ್ವ ಬರಿಯಾಕತ್ತೀನಿ. ನನ್ನ ಮಗಳು ನಿಮ್ಮ ಮನಿಗಿ ಬರಾಕ ದಿನಾ ಎಣಸಾಕತ್ತಾಳ. ಆದರ ಮಗ್ಗದ ಸಪ್ಪಳ ಕಿವಿಗಿ ಬೀಳದಿದ್ದರ ಆಕಿಗಿ ತುತ್ತು ಇಳಿಯೂದಿಲ್ಲ. ಬಾಯಿಬಿಟ್ಟು ಕೇಳೂ ಪೈಕಿ ಅಲ್ಲ. ಲಗ್ನಾದ ಮ್ಯಾಲೆ ಅಕ್ಕಲಕೋಟದಿಂದ ಚಿಂಚೋಳಿಗಿ ಬಂದು ಡಿಸೈನ್ ಕೆಲಸಾ ಮಾಡಿ ಹೋಗಾಕ ಬಿಡ್ರಿ. ಇದು ನನ್ನ ಸೆರಗೊಡ್ಡಿದ ಮಾತು. ನಾ ಕೇಳೀನಂತ ಆಕಿಗಿ ಹೇಳಬ್ಯಾಡ, ನನ್ನ ಜೋಡಿ ಜಗಳಾ ತಗೀತಾಳ."

ಓದಿ ಮುಗಿಸಿದ ಭೀಮಣ್ಣ ಫೋನನ್ನು ತಿರುವಿ ಮುರುವಿ ನೋಡಿದರು. "ಇಷ್ಟಽ ಅದ. ಇದರಾಗ ಬ್ಯಾಡ ಅನ್ನೂದು ಎಲ್ಲಿ ಅದನೋ?"

"ಅವ್ವಾ!" ಅಂದಳು ಸ್ನೇಹಲ. ಬಾಗಿಲ ಮರೆ ಬಿಟ್ಟು ಓಡಿಬಂದು ತಾಯಿಯ ಕೊರಳಿಗೆ ಬಿದ್ದಳು. ಜಗಳ ತೆಗೆಯಲಿಲ್ಲ.

"ಊಟಕ್ಕ ಕೂತಾಗ ಪರಾತದಾಗಿಂದ ಆಕಿ ಫೋನು ತಗೊಂಡು ಬರದೆ," ಅಂದರು ಸುಮಿತ್ರಾಬಾಯಿ ಸೆರಗಿನಿಂದ ಕಣ್ಣೊತ್ತಿಕೊಳ್ಳುತ್ತ. "ಕಳಸಿದ ಮ್ಯಾಲೆ ನಮ್ಮ ಕಡಿಂದ ಅಳಿಸಿಬಿಟ್ಟೆ. ನೀವು ಬ್ಯಾಡ ಅನ್ನೂ ಮೆಸೇಜು ಅಂದ್ರಿ, ಅದು ಬ್ಯಾರೆ ಯಾವುದೋ ಅಂತ ತಿಳಕೊಂಡೆ. ನಾ ಬರದದ್ದು ಹಂಗಿರಲಿಲ್ಲಲ್ಲ!"

ಪ್ರಣಿತಾಳಿಗೆ ಈಗ ತಿಳಿಯಿತು. ಬೀಗ ಯಾರೂ ಒಡೆದಿರಲಿಲ್ಲ. ಮಾತು ಹೋದದ್ದು ಸರಿಯಾಗಿಯೇ ಹೋಗಿತ್ತು. ಅವಳ ಕೆಲಸದಲ್ಲಿ ಈ ಕಳ್ಳತನಕ್ಕೆ ಬೇರೆಯೇ ಹೆಸರಿದೆ: ಹೇಳುವವರೊಬ್ಬರು, ಕೇಳುವವರೊಬ್ಬರು, ನಡುವೆ ಕೂತು ಮಾತು ಬದಲಿಸುವವನೊಬ್ಬ. ಅವಳು ಎರಡು ದಿನ ವೈರು ಹುಡುಕಿದ್ದಳು. ನಡುವೆ ಕೂತವನು ಮನುಷ್ಯ.

ಆಗ ಬೆಳಗಿನ ಮಾತು ನೆನಪಾಯಿತು. *ಅಷ್ಟು ಉದ್ದ ಬರಿಬೇಕಾಗಿತ್ತೇನು?* ಯಾರೂ ನೋಡಿರದ ಮೆಸೇಜು ಉದ್ದ ಇದ್ದದ್ದು ಅವನಿಗೆ ಹೇಗೆ ಗೊತ್ತಾಯಿತು?

"ಕೈಲಾಸ, ನಿನಗ ಓದಿ ಹೇಳಿದವರು ಲಕ್ಷ್ಮೀಕಾಂತ ಮಾಮಾ, ಹೌದಲ್ಲೊ?"

ಕೈಲಾಸ ಉತ್ತರ ಕೊಡಬೇಕಾಗಲಿಲ್ಲ. ಲಕ್ಷ್ಮೀಕಾಂತ ಎಂಜಲು ಕೈಯಲ್ಲೇ ಎದ್ದು ನಿಂತಿದ್ದ. ಕಣ್ಣು ನೆಲ ಬಿಟ್ಟು ಏಳಲಿಲ್ಲ.

"ಮಾಮಾ!" ಸೋಮೇಶನ ದನಿ ಏರಿತು. "ಅನ್ನಾ ಉಂಡ ಮನಿಗಿ ಇದನ್ನ ಮಾಡಿದ್ಯಾ? ಅವ್ವ ಕೇಳಿದ್ದು ನನ್ನ ಮನಸಿನ ಮಾತಽ ಇತ್ತಲ್ಲೋ. ಸ್ನೇಹಲ ಕಾರ್ಖಾನಿಗಿ ಬಂದು ಹೋದರ ನನಗಿಂತ ಸಂತೋಷ ಯಾರಿಗದ?"

ಲಕ್ಷ್ಮೀಕಾಂತ ತಲೆಯೆತ್ತಿದ. ಅವನ ಮುಖದ ಮೇಲೆ ಇದ್ದದ್ದು ಅಪರಾಧವಲ್ಲ, ಬೆರಗು.

"ಶೇಠ, ಹಿಂಗ್ಯಾಕ ಮಾತಾಡತೀರಿ? ನೀವಽ ಹೇಳಿದ್ದು."

"ನಾ ಏನು ಹೇಳೀನಿ?"

"ಶುಕ್ರವಾರ ನೀವು ಊಟಕ್ಕ ಮನಿಗಿ ಬಂದಿದ್ರಿ, ನಾ ಆಫೀಸಿನ್ಯಾಗ ಡಬ್ಬಿ ಬಿಚ್ಚಿದ್ದೆ. ನಿಮ್ಮ ಫೋನ್ ಬಂತು. 'ಕೈಲಾಸ ಒಂದು ಕನ್ನಡ ಮೆಸೇಜು ಕಳಸ್ತಾನ, ಅದರಾಗ ಏನರ ಇರಲಿ, ಹುಡುಗಿ ಲಗ್ನ ಬ್ಯಾಡ ಅಂದಾಳ ಅಂತ ಓದಿ ಹೇಳು. ಮನಿತನದ ಮಾನದ ಪ್ರಶ್ನಿ ಅದ. ಈ ಮಾತ ಮತ್ತ ಎತ್ತಬ್ಯಾಡ, ನನ್ನ ಮುಂದನೂ' ಅಂದ್ರಿ. ನಂದು ಕರಳ ಕಿತ್ತು ಬಂದಂಗ ಆತು. ಆದರ ಶೇಠ ಹೇಳಿದ ಮ್ಯಾಲೆ ಮುಗೀತು. ಸಾವಕಾರ್ರು ಇದ್ದಾಗಿಂದ ನಾ ಒಮ್ಮಿ ಅರ ತಿರುಗಿ ಕೇಳೀನೇನು?"

"ಸುಳ್ಳು!" ಅಂದ ಸೋಮೇಶ. "ನಾ ಫೋನಽ ಮಾಡಿಲ್ಲ!"

"ನಿಮ್ಮ ಧ್ವನಿ ನನಗ ಗೊತ್ತಿ..."

"ಮಾಡಿಲ್ಲ," ಅಂದರು ಸುಮಿತ್ರಾಬಾಯಿ. ಎಲ್ಲರೂ ಅವರತ್ತ ತಿರುಗಿದರು. "ಶುಕ್ರವಾರ ಇವನ ಫೋನು ಪರಾತದಾಗ ಎಲ್ಲಾದಕ್ಕಿಂತ ಮ್ಯಾಲೆ ಇತ್ತು. ಅದನ್ನ ಸರಿಸಿ ನಾ ಸ್ನೇಹಲನ ಫೋನು ತಗೊಂಡೆ. ನಾ ಬರದು ಮುಗಿಸಿ ಬಂದಾಗ ಇವ ಇಲ್ಲೇ ಕೂತು ಮಜ್ಜಿಗಿ ಕುಡಿಯಾಕತ್ತಿದ್ದ. ಕೈ ತೊಳಿಯೂ ತನಕಾ ಫೋನು ಮುಟ್ಟಿಲ್ಲ."

ಪ್ರಣಿತಾ ತಾಟು ಸರಿಸಿದಳು. ಮೆಸೇಜು ಹೋದದ್ದನ್ನು ಆಫೀಸಿನ ಕಂಪ್ಯೂಟರಿನೊಳಗಿಂದ ನೋಡಿದವನಿದ್ದ. ಊರ ಗ್ರೂಪಿನಲ್ಲೆಲ್ಲ ಬಿದ್ದಿದ್ದ ಸೋಮೇಶನ ದನಿಯನ್ನು ಆರಿಸಿ ಕೂಡಿಸಿ, ಕಂಪ್ಯೂಟರಿನಿಂದ ಅದೇ ದನಿಯಲ್ಲಿ ಬೇಕಾದ ಮಾತು ಆಡಿಸಬಲ್ಲವನಿದ್ದ. ಆದರೆ ಟಾವೆಲ್ ಮಾರುವ ಮನೆಯ ಹುಡುಗಿಯ ಲಗ್ನ ಮುರಿದರೆ ಅವನಿಗೆ ಬರುವುದೇನು? ಇಂಥದೊಂದನ್ನು ಹೊರಗಿನ ಕಳ್ಳ ಮಾಡುವುದಿಲ್ಲ. ಕೈಲಾಸನಿಗೆ ಕನ್ನಡ ಓದಲು ಬಾರದು, ಸಂಬಂಧ ತಂದ ಲಕ್ಷ್ಮೀಕಾಂತನ ಕಡೆಯೇ ಓದಿಸುತ್ತಾನೆ ಎಂದು ತಿಳಿದವನು, ಈ ಮನೆಯನ್ನು ಬಲ್ಲವನೇ ಮಾಡಬೇಕು.

ಮತ್ತು ಇವತ್ತು ಬೆಳಿಗ್ಗೆ ಅವನ ಕಿಡಕಿಯನ್ನು ಅವಳು ಮುಚ್ಚಿ ಬಂದಿದ್ದಳು. ಈಗ ಅವನಿಗೆ ಇಲ್ಲಿನ ಸುದ್ದಿ ಕಾಣಿಸುತ್ತಿಲ್ಲ.

ದೇವರ ಮನೆಯ ಕಟ್ಟೆಯ ಮೇಲೆ ಹಿತ್ತಾಳೆಯ ಪರಾತ ಗಡಗಡನೆ ನಡುಗತೊಡಗಿತು.

ಪ್ರಣಿತಾ ಎದ್ದು ಹೋಗಿ ನೋಡಿದಳು. ನಡುಗುತ್ತಿದ್ದದ್ದು ಲಕ್ಷ್ಮೀಕಾಂತನ ಫೋನು. ಪರದೆಯ ಮೇಲೆ ಸೋಮೇಶನದೇ ನಂಬರು, ಅವನದೇ ನಗುವ ಫೋಟೋ; ದನಿಯ ಹಾಗೆ ನಂಬರನ್ನೂ ನಕಲು ಮಾಡಿದ್ದರು. ಅದಕ್ಕೆ ತಾಗಿಕೊಂಡೇ ಸೋಮೇಶನ ಸ್ವಂತ ಫೋನು ಬಿದ್ದಿತ್ತು, ಕಪ್ಪಗೆ, ಸುಮ್ಮನೆ. ಸೋಮೇಶ ಆಕೆಯ ಬೆನ್ನ ಹಿಂದೆಯೇ ನಿಂತಿದ್ದ, ಬೆರಳಿಗೆ ಇನ್ನೂ ರೊಟ್ಟಿ ಅಂಟಿತ್ತು.

ತುಟಿಯ ಮೇಲೆ ಬೆರಳಿಟ್ಟು ಎಲ್ಲರನ್ನೂ ಸುಮ್ಮನಿರಿಸಿ, ಪ್ರಣಿತಾ ಫೋನು ಎತ್ತಿ ಸ್ಪೀಕರ್ ಹಚ್ಚಿದಳು.

ಆ ಕಡೆ ಗಂಟಲು ಸರಿಮಾಡಿಕೊಂಡ ಸದ್ದು. ಥೇಟ್ ಸೋಮೇಶ.

"ಮಾಮಾ," ಅಂದಿತು ದನಿ, "ಅಕ್ಕಲಕೋಟದವರು ಉಂಗುರ ಕೊಟ್ಟು ಹ್ವಾದರೇನು?"